ಮರಕ್ಕೂ ಸ್ವಲ್ಪ ಕೆಲಸ ಕೊಡಿ

ಓದುಗರೊಬ್ಬರು ಕೇಳಿದರು: "ಸಾರ್, ಸಿಂಥಸೈಜರಿಗೆ ತೇಗದ ಪೆಟ್ಟಿಗೆ ಮಾಡಿಸಿದರೆ ಸೌಂಡು ವಾರ್ಮ್ ಆಗುತ್ತದಂತೆ, ಹೌದೆ?" ಈ 'ಅಂತೆ' ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಇದನ್ನು ಇತ್ಯರ್ಥ ಮಾಡೋಣ.

ಇಲ್ಲ, ಆಗುವುದಿಲ್ಲ. ಸರ್ಕಿಟ್‌ನಲ್ಲಿ ಹುಟ್ಟಿದ ಸದ್ದು ವೋಲ್ಟೇಜಿನ ರೂಪದಲ್ಲೇ ವೈರು ಹಿಡಿದು, ಜ್ಯಾಕ್ ದಾಟಿ, ಆಂಪ್ಲಿಫೈಯರಿಗೆ ಹೋಗುತ್ತದೆ. ಸುತ್ತಲಿನ ತೇಗಕ್ಕೆ ಅದರ ಸುಳಿವೂ ಇರುವುದಿಲ್ಲ. ಟಿವಿಗೆ ಬೀಟೆಯ ಸ್ಟ್ಯಾಂಡ್ ಮಾಡಿಸಿದರೆ ಧಾರಾವಾಹಿ ಚೆನ್ನಾಗಿ ಬಂದೀತೆ? ಸ್ಪೀಕರ್ ಪೆಟ್ಟಿಗೆಯೊಳಗೇ ಇದ್ದರೆ ಮಾತು ಬೇರೆ, ಆಗ ಹಲಗೆಯೂ ಅದುರಿ ನಾದದಲ್ಲಿ ಪಾಲು ಕೇಳುತ್ತದೆ. ಉಳಿದಂತೆ ಅದು ಚೆಂದದ ಕಪಾಟು. ಪ್ಲಾಸ್ಟಿಕ್ಕಿಗೆ ಮರದ ಗೆರೆಯ ಸ್ಟಿಕ್ಕರ್ ಅಂಟಿಸಿ ಮಾರುವವರಿಗಂತೂ ಉತ್ತರ ಕೊಡುವುದೂ ದಂಡ.

ಹಾಗಾದರೆ ಎಲೆಕ್ಟ್ರಾನಿಕ್ ವಾದ್ಯಕ್ಕೆ ಮರ ಬೇಡವೇ ಎಂದರೆ, ಬೇಕು. ಆದರೆ ಅದಕ್ಕೊಂದು ಕೆಲಸವಿರಬೇಕು. 1970ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನ ಸ್ಟೈಮ್ ಸ್ಟುಡಿಯೋದಲ್ಲಿ ಮಿಶೆಲ್ ವೈಸ್ವಿಸ್ ರೂಪಿಸಿದ ಕ್ರ್ಯಾಕಲ್ ಬಾಕ್ಸ್ ನೋಡಿ. ಅಂಗೈ ಮೇಲೆ ಕೂರುವ ಮರದ ಪೆಟ್ಟಿಗೆ, ಒಂದು ಬ್ಯಾಟರಿ, ಒಂದು ಸ್ಪೀಕರ್, ಒಂದೇ ಒಂದು ಆಪ್-ಆಂಪ್ ಚಿಪ್. ತಿರುಗಿಸಲು ಗುಂಡಿಯಿಲ್ಲ, ಒತ್ತಲು ಮನೆಯಿಲ್ಲ. ಮರದ ಮೇಲೆ ಕೂರಿಸಿದ ಆರು ಲೋಹದ ತುಂಡುಗಳು ಸರ್ಕಿಟ್‌ನ ಬತ್ತಲೆ ತುದಿಗಳು. ಎರಡರ ಮೇಲೆ ಬೆರಳಿಟ್ಟರೆ ನಿಮ್ಮ ಚರ್ಮವೇ ರೆಸಿಸ್ಟರ್. ಒಣಗೈಗೆ ಗೊಣಗುತ್ತದೆ, ಬೆವರಿದ ಕೈಗೆ ಕಿರುಚುತ್ತದೆ. ಏಪ್ರಿಲ್ ತಿಂಗಳ ನಮ್ಮ ತಂಬ್ರಹಳ್ಳಿಯಲ್ಲಿ ಅದು ನುಡಿಯುವ ಬಗೆಯೇ ಬೇರೆ! ಇಲ್ಲಿ ಮರ ಅಲಂಕಾರಕ್ಕಲ್ಲ. ವಿದ್ಯುತ್ ಹರಿಯಗೊಡದ ಅದರ ಗುಣದಿಂದಲೇ ಆ ಆರು ತುಂಡುಗಳು ಒಂದನ್ನೊಂದು ಮುಟ್ಟದೆ ನಿಮ್ಮ ಬೆರಳಿಗಾಗಿ ಕಾಯುತ್ತವೆ. ಅಮೆರಿಕದ ಬಾಲ್ಟಿಮೋರಿನ ಪೀಟರ್ ಬ್ಲಾಸರ್ ಮಾಡುವ ಮರದ ಸಿಂಥ್‌ಗಳನ್ನು ನಾನು ಹೊಗಳುವುದೂ ಇದೇ ಕಾರಣಕ್ಕೆ. ಅವರ ಸಿಡ್ರಾಕ್ಸ್ ಎಂಬ ವಾದ್ಯದಲ್ಲಿ ಮರದ ಪಟ್ಟಿಗಳನ್ನೇ ಒತ್ತಿ ನುಡಿಸಬೇಕು.

"ಇದೆಲ್ಲ ಪರದೇಶದ ಹುಚ್ಚು, ನಮ್ಮ ಸಂಗೀತಕ್ಕೂ ಪ್ರಯೋಗಕ್ಕೂ ಏನು ಸಂಬಂಧ?" ಎನ್ನುವ ಇನ್ನೊಂದು ಪಂಗಡವಿದೆ. ಅವರೊಂದಿಗೆ ನನ್ನದು ಹಳೆಯ ಲೆಕ್ಕ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿದಾಗ ಚಪ್ಪಾಳೆ ತಟ್ಟಿದವರ ಸಂತತಿ ಇವರು. ಆ ಬಾಗಿಲು ತೆರೆಯಲು ಮೂರು ದಶಕ ಬೇಕಾಯಿತು. ಅಷ್ಟೂ ಕಾಲ ನಮ್ಮ ಕಡೆಯ ನಾಟಕ ಕಂಪನಿಗಳು ಕಾಲ್ಪೆಟ್ಟಿಗೆ ಹಾರ್ಮೋನಿಯಂ ಬಿಟ್ಟು ಒಂದು ರಂಗಗೀತೆಯನ್ನೂ ಎತ್ತಲಿಲ್ಲ.

ಈ ಪಂಗಡ ಶಾಸ್ತ್ರ ಶಾಸ್ತ್ರ ಎನ್ನುತ್ತದಲ್ಲ, ಶಾಸ್ತ್ರವನ್ನೇ ತೆಗೆಯೋಣ. ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ಬರೆದ 'ಸಂಗೀತರತ್ನಾಕರ'ಕ್ಕಿಂತ ದೊಡ್ಡ ಆಧಾರ ಬೇಕೆ? 15ನೆಯ ಶತಮಾನದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ನಮ್ಮ ವಿಜಯನಗರದವನೇ. ಅದರ ಸ್ವರಾಧ್ಯಾಯದಲ್ಲಿ ನಾನು ಮತ್ತೆ ಮತ್ತೆ ಓದುವ ಭಾಗವೊಂದಿದೆ. ಒಂದರಂತೆ ಒಂದು ಇರುವ ಎರಡು ವೀಣೆ ಮಾಡಿ, ಒಂದೊಂದಕ್ಕೂ 22 ತಂತಿ ಕಟ್ಟಿ ಎನ್ನುತ್ತಾನೆ. ಮೊದಲ ತಂತಿ ಕಿವಿಗೆ ನಿಲುಕುವಷ್ಟು ತಗ್ಗಿನಲ್ಲಿರಲಿ. ಮುಂದಿನದು ಒಂದಿಷ್ಟೇ ಏರಲಿ, ನಡುವೆ ಮತ್ತೊಂದು ನಾದ ನುಸುಳದಷ್ಟು. ಹೀಗೆ ಕೊನೆಯವರೆಗೆ, ಒಂದೊಂದು ಮೆಟ್ಟಿಲೂ ಒಂದು ಶ್ರುತಿ. ಷಡ್ಜ ನಾಲ್ಕನೆಯದರ ಮೇಲೆ, ರಿಷಭ ಏಳರ ಮೇಲೆ, ಗಾಂಧಾರ ಒಂಬತ್ತು, ಮಧ್ಯಮ ಹದಿಮೂರು, ಪಂಚಮ ಹದಿನೇಳು, ಧೈವತ ಇಪ್ಪತ್ತು, ನಿಷಾದ ಇಪ್ಪತ್ತೆರಡು. ಒಂದು ವೀಣೆ ಧ್ರುವ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಚಲ, ಅದನ್ನು ಒಂದೊಂದೇ ಶ್ರುತಿ ಇಳಿಸುತ್ತ ಬರಬೇಕು. ಎರಡನೆಯ ಸಲ ಇಳಿಸಿದಾಗ ಚಲದ ಗಾಂಧಾರ ನಿಷಾದಗಳು ಧ್ರುವದ ರಿಷಭ ಧೈವತಗಳಲ್ಲಿ ಕರಗುತ್ತವೆ. ಮೂರನೆಯ ಸಲ ರಿಷಭ ಧೈವತಗಳು ಷಡ್ಜ ಪಂಚಮಗಳಲ್ಲಿ. ನಾಲ್ಕನೆಯ ಸಲ ಷಡ್ಜ ಮಧ್ಯಮ ಪಂಚಮಗಳ ಸರದಿ.

ಕಛೇರಿಗೆಂದು ಮಾಡಿದ ವೀಣೆಗಳಲ್ಲ ಇವು. ಇದರ ಮೇಲೆ ರಾಗ ನುಡಿಸಿ ಸನ್ಮಾನ ಪಡೆಯುವ ಆಸೆ ಯಾರಿಗೂ ಇರಲಿಕ್ಕಿಲ್ಲ. ಕಿವಿಯನ್ನು ಪರೀಕ್ಷಿಸಲೆಂದೇ ಮರದಲ್ಲಿ ಕಟ್ಟುವ ಯಂತ್ರ. ಇದು ಪ್ರಯೋಗವಲ್ಲದೆ ಇನ್ನೇನು?

ಧ್ರುವ, ಚಲ ಎಂಬ ಈ ಜೋಡಿ ನನ್ನ ಓದುಗರ ಅರ್ಧ ಪ್ರಶ್ನೆಗಳಿಗೂ ಉತ್ತರ. 1979ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರೂ ಸಂಗೀತಗಾರರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅದು ಧ್ರುವ. ಕದಲದೆ ಶ್ರುತಿ ಹಿಡಿದು ಕೂರುವುದೇ ಅದರ ಧರ್ಮ, ಅದರ ಪೆಟ್ಟಿಗೆ ಯಾವುದರದಾದರೂ ನನಗೆ ತಕರಾರಿಲ್ಲ. ಪ್ರಯೋಗದ ವಾದ್ಯ ಮಾತ್ರ ಚಲ. ಕೆಣಕಿದರೆ ಅದು ಕದಲಲೇಬೇಕು, ಕೆಣಕುವ ಕೈಗೂ ಸರ್ಕಿಟ್‌ಗೂ ನಡುವೆ ಮರ ನಿಂತಿರಬೇಕು.

ಅಂಥ ಮರ ಎಲ್ಲಿದೆ ಎಂದು ಬಾಲ್ಟಿಮೋರಿನ ಕಡೆ ಕತ್ತು ಚಾಚಬೇಕಿಲ್ಲ. ನಮ್ಮ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಜೋಗತಿಯರ ಕಲೆಯತ್ತ ದೇಶವೇ ನೋಡಿತು. ಆ ಜೋಗತಿಯರ ವಾದ್ಯ ಚೌಡಿಕೆ. ಟೊಳ್ಳು ಕೊಳಗ, ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಸೇರುವ ಒಂದೇ ತಂತಿ. ಮೀಟಿದರೆ ತಂತಿ, ಚರ್ಮ, ಕೊಳಗ ಮೂರೂ ಒಟ್ಟಿಗೆ ಮಾತಾಡುತ್ತವೆ.

ಇದಕ್ಕೆ ಕರೆಂಟಿನ ಕಿವಿ ಹಚ್ಚುವ ಬಗೆ ಹೇಳುತ್ತೇನೆ. ನರದ ತಂತಿಯಾದರೆ ಗಿಟಾರಿನ ಅಯಸ್ಕಾಂತದ ಪಿಕಪ್ಪಿಗೆ ಕೇಳುವುದಿಲ್ಲ, ಉಕ್ಕಿದ್ದರಷ್ಟೇ ಅದಕ್ಕೆ ಕಿವಿ. ಬಜರಿನೊಳಗಿನ ಪೀಜೋ ಬಿಲ್ಲೆ ತನ್ನಿ. ಚರ್ಮಕ್ಕೆ ಅಂಟಿಸಿದರೆ ನಾದದ ಬಾಯಿ ಕಟ್ಟುತ್ತದೆ. ಕೊಳಗದ ಒಳಗೋಡೆಗೆ, ಚರ್ಮದ ಅಂಚಿನ ಹತ್ತಿರ ಅಂಟಿಸಿ. ನೇರವಾಗಿ ಪೆಂಡಾಲಿನ ಸೌಂಡ್ ಸಿಸ್ಟಮ್ಮಿಗೆ ಚುಚ್ಚಿದರೆ ಮಂದ್ರವೆಲ್ಲ ಸೋರಿ ಬರೀ ತಗಡಿನ ಸದ್ದು ಉಳಿಯುತ್ತದೆ. ನಡುವೆ 1 ಮೆಗಾಓಮ್‌ಗೆ ಕಡಿಮೆಯಿಲ್ಲದ ಇನ್‌ಪುಟ್ಟಿನ ಪ್ರಿಆಂಪ್ ಬೇಕು. ಒಂದು ಎಫ್‌ಇಟಿ ಟ್ರಾನ್ಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ ಸಾಕು. ಮನೆಯ ಕರೆಂಟಿನ ಸಹವಾಸ ಬೇಡ. ಆಮೇಲೆ ಸ್ಪೀಕರನ್ನು ಚರ್ಮಕ್ಕೆ ಎದುರಾಗಿಟ್ಟು ವಾಲ್ಯೂಮ್ ಮೆಲ್ಲಗೆ ಏರಿಸಿ. ಮೀಟದೆಯೇ ನಾದ ಏಳುತ್ತದೆ. ಸ್ಪೀಕರಿನ ಗಾಳಿ ಚರ್ಮವನ್ನು, ಚರ್ಮ ಮರವನ್ನು, ಮರ ಬಿಲ್ಲೆಯನ್ನು, ಬಿಲ್ಲೆ ಮತ್ತೆ ಸ್ಪೀಕರನ್ನು ಎಬ್ಬಿಸುತ್ತದೆ. ಕೊಳಗದ ಮೇಲೆ ಅಂಗೈ ಒತ್ತಿದರೆ ಸ್ವರ ಜಾರುತ್ತದೆ.

ಒಂದು ಕಟ್ಟುನಿಟ್ಟು. ಜೋಗತಿಯರ ಚೌಡಿಕೆ ದೇವಿ ಎಲ್ಲಮ್ಮನ ಸೊತ್ತು, ಅದಕ್ಕೆ ಡ್ರಿಲ್ ಹಿಡಿದುಕೊಂಡು ಹೋಗಬೇಡಿ. ಊರ ಬಡಗಿಗೆ ಹೇಳಿ ಹೊಸ ಕೊಳಗ ಕಡೆಸಿ. ಹಲಸಾದರೆ ಉತ್ತಮ, ಬೇವಾದರೂ ನಡೆದೀತು.

ಇನ್ನು ಕೊಳ್ಳುವವರಿಗೆ: ಅಂಗಡಿಯವನು ಎಷ್ಟೇ ಬಣ್ಣಿಸಲಿ, ವಾದ್ಯ ಆನ್ ಮಾಡಿಸಿ ಮರವನ್ನು ಒತ್ತಿ, ತಟ್ಟಿ, ಉಗುರಿನಿಂದ ಗೀರಿ. ಸ್ಪೀಕರಿನಲ್ಲಿ ಏನೂ ಬದಲಾಗಲಿಲ್ಲವೆಂದರೆ ಪೆಟ್ಟಿಗೆಗೆ ಬಡಗಿಯ ದರ ಕೊಡಿ, ವಾದ್ಯದ ದರ ಕೊಡಬೇಡಿ.