ಸಿಕ್ಕ ಮೇಲಿನ ಕತೆ

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾವನ್ನು ನಾನು ಮೂರು ಸಲ ನೋಡಿದ್ದೇನೆ. 2016ರಲ್ಲಿ ಬಿಡುಗಡೆಯಾದಾಗ ಥಿಯೇಟರಿನಲ್ಲಿ, ಆಮೇಲೊಮ್ಮೆ ಟೀವಿಯಲ್ಲಿ, ಮೊನ್ನೆ ಲ್ಯಾಪ್‌ಟಾಪಿನಲ್ಲಿ ನಿಲ್ಲಿಸಿ ನಿಲ್ಲಿಸಿ. ಹೇಮಂತ್ ರಾವ್ ನಿರ್ದೇಶಿಸಿದ ಮೊದಲ ಸಿನಿಮಾ ಅದು. ಅನಂತನಾಗ್ ಮಾಡಿದ ವೆಂಕೋಬ ರಾವ್ ಪಾತ್ರ ಕನ್ನಡದ ದೊಡ್ಡ ಪಾತ್ರಗಳಲ್ಲಿ ಒಂದು ಅನ್ನೋದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರೋದು ಬೇರೆ ಕಡೆ. ಯಾರದೋ ಮನೆಯಲ್ಲಿ ಹಿರಿಯರಿಗೆ ಮರೆವಿನ ಕಾಯಿಲೆ ಅಂತ ಮಾತು ಬಂದ ಕೂಡಲೇ, “ಆ ಸಿನಿಮಾ ನೋಡಿ, ಎಲ್ಲ ಅರ್ಥ ಆಗುತ್ತೆ” ಅಂತಾರೆ. ಎಲ್ಲ ಅರ್ಥ ಆಗಲ್ಲ, ಅರ್ಧ ಆಗುತ್ತೆ. ಆ ಅರ್ಧ ಬಹಳ ಚೆನ್ನಾಗಿದೆ. ಉಳಿದರ್ಧ ಸಿನಿಮಾದಲ್ಲಿ ಇಲ್ಲವೇ ಇಲ್ಲ.

ನೋಡದವರಿಗಾಗಿ ಕತೆ ಇಷ್ಟು. ಅಲ್ಝೈಮರ್ಸ್ ಬಂದಿರುವ ವೆಂಕೋಬ ರಾವ್ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿದ್ದಾರೆ. ಹೆಂಡತಿ ಪುಷ್ಪ ತೀರಿಕೊಂಡಿದ್ದಾರೆ. ಮುಂಬೈಯಲ್ಲಿ ಕೆಲಸ ಮಾಡುವ ಮಗ ಶಿವ (ರಕ್ಷಿತ್ ಶೆಟ್ಟಿ) ಬಂದಾಗ ತಂದೆ ಕಾಣೆಯಾಗುತ್ತಾರೆ. ವೈದ್ಯೆ ಸಹನಾ (ಶ್ರುತಿ ಹರಿಹರನ್) ಜೊತೆ ಮಗ ಹುಡುಕುತ್ತಾನೆ. ಅತ್ತ ತಂದೆ ರಂಗ ಎಂಬ ರೌಡಿಯ (ವಸಿಷ್ಠ ಸಿಂಹ) ಕೈಗೆ ಸಿಕ್ಕಿಕೊಳ್ಳುತ್ತಾರೆ.

ಮೊದಲು ಸಿನಿಮಾ ಗೆದ್ದ ಜಾಗಗಳನ್ನು ಹೇಳಬೇಕು. ಒಂದು, ಹೆಸರು. ಗೋಧಿ ಬಣ್ಣ, ಸಾಧಾರಣ ಮೈಕಟ್ಟು ಅನ್ನೋದು ಕಾಣೆಯಾದವರ ಪ್ರಕಟಣೆಯ ಸಾಲು. ಹಾಗೆ ವರ್ಣಿಸಿದರೆ ಅರ್ಧ ಬೆಂಗಳೂರೇ ಕಾಣೆಯಾದ ಹಾಗೆ! ತಂದೆಯನ್ನು ಹುಡುಕಬೇಕಾದರೆ ಆತ ಯಾರು, ಏನು ಇಷ್ಟ, ಎಲ್ಲಿ ಓಡಾಡಿದ್ದವರು ಅನ್ನೋದು ಗೊತ್ತಿರಬೇಕು. ಇದು ಬರೀ ಕತೆಗಾರನ ಚಮತ್ಕಾರವಲ್ಲ. ಡಿಮೆನ್ಷಿಯಾ ಇರುವವರು ಮನೆಯಿಂದ ಹೊರಟುಬಿಡುವುದಕ್ಕೆ ಎಷ್ಟೋ ಸಲ ಒಂದು ಕಾರಣ ಇರುತ್ತದೆ. ಹಳೇ ಆಫೀಸಿಗೆ ಹೊತ್ತಾಯಿತು ಅಂತ ಹೊರಡುತ್ತಾರೆ, ಹುಟ್ಟಿದ ಮನೆ ಹುಡುಕಿ ಹೊರಡುತ್ತಾರೆ. ಅವರು ಬಾಳಿದ ಬಾಳೇ ಅವರ ದಾರಿಯ ನಕಾಶೆ.

ಇನ್ನೊಂದು, ನೆನಪು. ವೆಂಕೋಬ ರಾವ್‌ಗೆ ಈಗಿನದು ನಿಲ್ಲುವುದಿಲ್ಲ, ಪುಷ್ಪಳನ್ನು ಪ್ರೀತಿಸಿದ ಕತೆ ಮಾತ್ರ ಹಸಿರಾಗಿದೆ. ಇದು ನಿಜ. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಅಲ್ಝೈಮರ್ಸ್ ಮೊದಮೊದಲೇ ಪೆಟ್ಟು ಕೊಡುವುದರಿಂದ ಬೆಳಗಿನ ತಿಂಡಿ ಮರೆತು ಐವತ್ತು ವರ್ಷದ ಹಿಂದಿನ ಮಳೆ ನೆನಪಿರುತ್ತದೆ. ನಮ್ಮ ಐಟಿ ಜನ ಇದನ್ನು “ರ್‍ಯಾಮ್ ಹೋಗಿದೆ, ಹಾರ್ಡ್‌ಡಿಸ್ಕ್ ಇದೆ” ಅಂತ ಮುಗಿಸಿಬಿಡ್ತಾರೆ. ಹೋಲಿಕೆ ಸುಲಭ, ಆದರೆ ಸಾಲದು. ಹಾರ್ಡ್‌ಡಿಸ್ಕಿಗೆ ಅವಮಾನ ಆಗಲ್ಲ, ಸಂಜೆಯಾದರೆ ಭಯ ಆಗಲ್ಲ. ಅನಂತನಾಗ್ ಅದನ್ನು ಬಲ್ಲ ನಟ. ಕಾಯಿಲೆಯನ್ನು ಅಭಿನಯಿಸದೆ ಮನುಷ್ಯನನ್ನು ಅಭಿನಯಿಸಿದ್ದಾರೆ. ನಮಗೆ ಕಾಣೋದು ರೋಗಿಯಲ್ಲ, ಒಬ್ಬ ಮರ್ಯಾದಸ್ಥ, ಮಾತುಗಾರ ಹಿರಿಯ. ‘ಅರವತ್ತಕ್ಕೆ ಅರಳು ಮರಳು’ ಅಂತ ನಕ್ಕು ಮುಂದೆ ಹೋಗುವ ನಾಡಿನಲ್ಲಿ, ಇದು ವಯಸ್ಸಿನ ದೋಷವಲ್ಲ, ಹೆಸರಿರುವ ಕಾಯಿಲೆ ಅಂತ ಮನೆಮನೆಗೆ ಹೇಳಿದ್ದು ಸಣ್ಣ ಕೆಲಸವಲ್ಲ. ಆ ಗಾದೆಯಿಂದ ನಷ್ಟವೂ ಇದೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಮರೆವಿನ ವೇಷದಲ್ಲಿ ಬರಬಹುದು, ಇವಕ್ಕೆ ಚಿಕಿತ್ಸೆಯಿದೆ. ವಯಸ್ಸಾಯ್ತು ಬಿಡಿ ಅಂದವರು ರಕ್ತಪರೀಕ್ಷೆಯನ್ನೂ ಮಾಡಿಸುವುದಿಲ್ಲ.

ಇನ್ನು ಇಲ್ಲದಿರುವ ಅರ್ಧ. ಈ ಸಿನಿಮಾದಲ್ಲಿ ಕಾಯಿಲೆ ಅಂದರೆ ಕಳೆದುಹೋಗುವುದು, ಪ್ರೀತಿ ಅಂದರೆ ಹುಡುಕುವುದು. ಸಿಕ್ಕರೆ ಕತೆ ಮುಗಿಯಿತು. ಆದರೆ ಯಾವ ಮನೆಯಲ್ಲಿ ಈ ಕಾಯಿಲೆ ಇದೆಯೋ ಅಲ್ಲಿ ಕತೆ ಶುರುವಾಗೋದೇ ಸಿಕ್ಕ ಮೇಲೆ. ನಾಳೆ ಬೆಳಗ್ಗೆ ಸ್ನಾನ ಮಾಡಿಸುವವರು ಯಾರು? ಒದ್ದೆ ಪಂಚೆ ಬದಲಿಸುವವರು ಯಾರು? ಒಂದೇ ಪ್ರಶ್ನೆಗೆ ನಲವತ್ತನೇ ಸಲ ಮೊದಲನೇ ಸಲದ ದನಿಯಲ್ಲೇ ಉತ್ತರ ಕೊಡುವವರು ಯಾರು? ವೆಂಕೋಬ ರಾವ್ ತುಂಬ ಸವಿಯಾದ ಮನುಷ್ಯ. ಅವರ ಕಾಯಿಲೆಗೆ ವಾಸನೆಯಿಲ್ಲ, ಸಿಟ್ಟಿಲ್ಲ, ಕೆಟ್ಟ ಮಾತಿಲ್ಲ.

ಅರಸೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ದೊಡ್ಡಪ್ಪ ಈ ಕಾಯಿಲೆಯಲ್ಲಿ ಏಳು ವರ್ಷ ಇದ್ದರು. ಹೆಸರು ಮರೆತರು, ಮಕ್ಕಳನ್ನು ಮರೆತರು, ಆದರೆ ತೆಂಗಿನಕಾಯಿ ಸುಲಿಯುವುದನ್ನು ಕೈ ಬಹಳ ದಿನ ಮರೆಯಲಿಲ್ಲ. ದುಡ್ಡು ಕದ್ದೆ ಅಂತ ದೊಡ್ಡಮ್ಮನ ಮೇಲೇ ಕೂಗಾಡೋರು. ಹೊತ್ತು ಇಳಿದರೆ ಸಾಕು, ತಮ್ಮದೇ ಜಗಲಿ ಮೇಲೆ ಕೂತು “ಮನೆಗೆ ಹೋಗ್ಬೇಕು” ಅನ್ನೋ ಹಟ. ಇದೇ ಮನೆ ಕಣಪ್ಪ ಅಂತ ಎಲ್ಲರೂ ಬುದ್ಧಿ ಹೇಳಿ ಸೋತರು. ದೊಡ್ಡಮ್ಮ ವಾದ ಮಾಡುತ್ತಿರಲಿಲ್ಲ. ಚಪ್ಪಲಿ ಹಾಕಿಸಿ, ತೋಟದ ಬದಿಯಲ್ಲಿ ಒಂದು ಸುತ್ತು ನಡೆಸಿಕೊಂಡು ಬಂದು, “ಬಂತು ನೋಡಿ ಮನೆ” ಅನ್ನುತ್ತಿದ್ದರು. ದೊಡ್ಡಪ್ಪ ನೆಮ್ಮದಿಯಾಗಿ ಒಳಗೆ ಬರೋರು. ಅವರ ಮಾತನ್ನು ತಿದ್ದಬೇಡಿ, ಆ ಮಾತಿನ ಹಿಂದಿರುವ ಕಳವಳಕ್ಕೆ ಉತ್ತರ ಕೊಡಿ ಅಂತ ಇವತ್ತು ಆರೈಕೆಯ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ದೊಡ್ಡಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಂದ ನೆಂಟರು ಮಾತ್ರ “ನಾನ್ಯಾರು ಹೇಳಿ ನೋಡೋಣ” ಅಂತ ಪರೀಕ್ಷೆ ಮಾಡಿ, ಅವರು ತಡವರಿಸಿದರೆ ಕಣ್ಣೊರೆಸಿಕೊಂಡು, ಕಾಫಿ ಕುಡಿದು ಹೋಗೋರು. ಒಂದು ದಿನ ದೊಡ್ಡಪ್ಪ ಹೆಂಡತಿಯನ್ನೇ “ಯಾರಮ್ಮ ನೀನು, ನಮ್ಮನೇಲಿ ಏನ್ ಮಾಡ್ತಿದೀಯ?” ಅಂದರು. ದೊಡ್ಡಮ್ಮ ಅನ್ನ ಕಲಸುತ್ತಲೇ, “ಕೆಲಸಕ್ಕೆ ಬಂದಿದೀನಿ ಯಜಮಾನ್ರೆ, ಊಟ ಮಾಡಿ” ಅಂದರು.

ಈ ಸಿನಿಮಾದಲ್ಲಿ ದೊಡ್ಡಮ್ಮನಿಗೆ ಜಾಗ ಇಲ್ಲ. ಕತೆ ಶುರುವಾಗುವ ಹೊತ್ತಿಗೆ ಪುಷ್ಪ ಸತ್ತಿರುತ್ತಾರೆ. ಚಿತ್ರದಲ್ಲಿ ಅವರಿರೋದು ಪ್ರೀತಿಸಲ್ಪಟ್ಟವಳಾಗಿ, ನೆನಪಾಗಿ. ಡಿಮೆನ್ಷಿಯಾ ಇರುವವರ ಆರೈಕೆಗೆ ಹೋಗುವ ಗಂಟೆಗಳಲ್ಲಿ ಸುಮಾರು 70 ಪಾಲು ಹೆಂಗಸರದ್ದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ, ಅದರ ಪ್ರಮಾಣ ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು ಅಂತ 2023ರ ಅಧ್ಯಯನವೊಂದು ಅಂದಾಜು ಮಾಡಿದೆ. ಆರೈಕೆ ಕೇಂದ್ರ ಹುಡುಕಬೇಕೆಂದರೆ ಬೆಂಗಳೂರಿನಂಥ ಊರಿಗೇ ಬರಬೇಕು. ಹಳ್ಳಿಯಲ್ಲಿ ಕೇಂದ್ರ ಅಂದರೆ ಅಡುಗೆಮನೆ, ಸಿಬ್ಬಂದಿ ಅಂದರೆ ಹೆಂಡತಿ, ಸೊಸೆ, ಮಗಳು.

“ಸಿನಿಮಾ ಅಂದ್ರೆ ಆರೋಗ್ಯ ಇಲಾಖೆ ಕರಪತ್ರ ಅಲ್ಲ ಮಾರಾಯ” ಅಂತ ಗೆಳೆಯನೊಬ್ಬ ಬೈದ. ಒಪ್ಪಿದೆ. ನಾನು ಪಾಠ ಕೇಳ್ತಿಲ್ಲ, ಕತೆಯನ್ನೇ ಕೇಳ್ತಿದೀನಿ. ಮಲಯಾಳಂನಲ್ಲಿ ಬ್ಲೆಸ್ಸಿ 2005ರಲ್ಲೇ ‘ತನ್ಮಾತ್ರ’ ಮಾಡಿದರು. ಮೋಹನ್‌ಲಾಲ್ ಮಾಡಿದ ರಮೇಶನ್ ನಾಯರ್ ಆಫೀಸಿನ ಫೈಲನ್ನು ಫ್ರಿಜ್ಜಿನಲ್ಲಿ ಇಡುವುದರಿಂದ ಹಿಡಿದು ಕೊನೆಯವರೆಗೂ ಕತೆ ಆ ಕುಟುಂಬವನ್ನು ಬಿಟ್ಟು ಹೋಗುವುದಿಲ್ಲ. ಹೆಂಡತಿ, ಮಗ ಕಣ್ಣೆದುರೇ ಬದಲಾಗುತ್ತಾರೆ. 2020ರ ‘ದಿ ಫಾದರ್’ನಲ್ಲಿ ಫ್ಲಾರಿಯನ್ ಝೆಲ್ಲರ್ ಬೇರೆ ದಾರಿ ಹಿಡಿದರು. ಮನೆಯ ಸಾಮಾನು ಬದಲಾಗುತ್ತೆ, ಮಗಳ ಮುಖವೇ ಬದಲಾಗುತ್ತೆ, ನೋಡುವ ನಮಗೇ ದಿಕ್ಕು ತಪ್ಪುತ್ತೆ. ಹಾಗಿದ್ದೂ ಆ ಮಗಳ ದಣಿವು ಮರೆಯಾಗುವುದಿಲ್ಲ. ಎರಡರಲ್ಲೂ ರೌಡಿಯಿಲ್ಲ, ಆದರೂ ಕೂತಲ್ಲಿಂದ ಏಳೋಕಾಗಲ್ಲ.

ನಮ್ಮ ಸಿನಿಮಾಕ್ಕೆ ಮನೆಯ ಮೇಲೆ ಅಷ್ಟು ನಂಬಿಕೆ ಸಾಲಲಿಲ್ಲ ಅನ್ಸುತ್ತೆ. ಅದಕ್ಕೇ ರಂಗ ಬೇಕಾಯಿತು. ವೆಂಕೋಬ ರಾವ್ ತಮ್ಮ ಕತೆಗಳಿಂದ ರಂಗನ ಮನಸ್ಸನ್ನು ಅಲುಗಾಡಿಸುತ್ತಾರೆ, ತಮ್ಮ ಗೈರುಹಾಜರಿಯಿಂದ ಮಗನ ಮನಸ್ಸನ್ನು ಕರಗಿಸುತ್ತಾರೆ. ಎಲ್ಲರಿಗೂ ಈ ರೋಗಿಯೇ ಔಷಧಿ. ಅವರಿಗೆ ಏನು ಬೇಕಿತ್ತು ಅಂತ ಕೇಳಲು ಮಾತ್ರ ಸಿನಿಮಾಕ್ಕೆ ಬಿಡುವಿಲ್ಲ.

ಚರಣ್ ರಾಜ್ ಸಂಗೀತಕ್ಕೆ, ಅನಂತನಾಗ್ ಅವರಿಗೆ, ಕಾಯಿಲೆಗೆ ಕನ್ನಡದಲ್ಲಿ ಒಂದು ಮುಖ ಕೊಟ್ಟಿದ್ದಕ್ಕೆ ಈ ಸಿನಿಮಾವನ್ನು ಇನ್ನೂ ಹತ್ತು ಜನಕ್ಕೆ ತೋರಿಸಿ. ಆಮೇಲೆ ನಿಮ್ಮ ಪರಿಚಯದಲ್ಲಿ ಇಂಥ ಮನೆ ಇದ್ದರೆ ಹೋಗಿ. ಹಣ್ಣು ಕೊಟ್ಟು, “ನಾನ್ಯಾರು” ಕೇಳಿ ಬರಬೇಡಿ. ಅವರ ಪಕ್ಕ ಎರಡು ಗಂಟೆ ಕೂತಿರಿ, ಹೇಳಿದ್ದನ್ನೇ ಹೇಳಿದರೂ ಕೇಳಿಸಿಕೊಳ್ಳಿ. ಅಷ್ಟು ಹೊತ್ತು ಅವರನ್ನು ನೋಡಿಕೊಳ್ಳುವವರು ಒಂದು ನಿದ್ದೆ ಮಾಡಲಿ.