ದಾರಿಯ ಜೀರ್ಣೋದ್ಧಾರ

ಪ್ರಾಚೀನ ಕಟ್ಟಡಗಳನ್ನು ಪ್ರಜೆಗಳ ಹಣದಿಂದ ಕಾಪಾಡತಕ್ಕದ್ದೆಂಬ ವಿಷಯದಲ್ಲಿ ಈಗ ವಿವಾದವಿಲ್ಲ. ದೇವಾಲಯ, ಅರಮನೆ, ಕೋಟೆಗಳಾದರೆ ಏನನ್ನು ಕಾಪಾಡಬೇಕೆಂಬುದು ಕಣ್ಣಿಗೇ ತೋರುವುದು. ಸೇತುವೆ, ದೋಣಿಗಟ್ಟ, ದಾರಿಯ ಹೆಬ್ಬಾಗಿಲು ಮೊದಲಾದುವುಗಳ ಮಾತು ಬಂದಾಗ ಮಾತ್ರ ಒಂದು ಸಂದೇಹವೇಳುವುದು: ನಾವು ಕಾಪಾಡಬೇಕಾದುದು ಕಲ್ಲನ್ನೋ, ಆ ಕಲ್ಲು ಯಾವ ಪ್ರಯೋಜನಕ್ಕಾಗಿ ನಿಂತಿತೋ ಆ ಪ್ರಯೋಜನವನ್ನೋ? ಈ ಸಂದೇಹವನ್ನು ಪರಿಹರಿಸಿಕೊಳ್ಳದೆ ಹಣವನ್ನು ವೆಚ್ಚಮಾಡಿದರೆ ಏನಾಗುವುದೆಂಬುದಕ್ಕೆ ಹಂಪೆಗೂ ಆನೆಗೊಂದಿಗೂ ನಡುವಣ ತುಂಗಭದ್ರೆಯ ದಾಟು ನಮ್ಮ ನಾಡಿನಲ್ಲಿಯೇ ಇರುವ ನಿದರ್ಶನ.

ವಿಠ್ಠಲ ದೇವಾಲಯದ ಬಳಿ ಹೊಳೆಯ ಪಾತ್ರದಲ್ಲಿ ಕಲ್ಲುಕಂಬಗಳ ಸಾಲುಗಳು ಇಂದಿಗೂ ನಿಂತಿವೆ. ಅವು ವಿಜಯನಗರದ ಕಾಲದ ಸೇತುವೆಯ ಅವಶೇಷಗಳು. ಮೇಲಣ ಹಾಸು ಹೋಗಿ ಕಂಬಗಳು ಮಾತ್ರ ಉಳಿದಿವೆ. ಅಲ್ಲಿಂದ ಕೊಂಚ ದೂರದಲ್ಲಿ, ಹೊಳೆಗೆ ಇಳಿಯುವ ದಾರಿಯ ಮೇಲೆ, ತಳವಾರಘಟ್ಟದ ಹೆಬ್ಬಾಗಿಲಿದೆ. ಕ್ರಿ. ಶ. ೧೫೨೦ರ ಸುಮಾರಿಗೆ ಈ ನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಇಲ್ಲಿಯ ಜನರು ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತ ಹೊರಗೆ ತೊಗಲು ಇರುವ ಹರಿಗೋಲುಗಳಲ್ಲಿ ಹೊಳೆಯನ್ನು ದಾಟುತ್ತಿದ್ದರೆಂದೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಕಂಬ, ಬಾಗಿಲು, ಹರಿಗೋಲು ಈ ಮೂರೂ ಬೇರೆ ಬೇರೆ ವಸ್ತುಗಳಲ್ಲ. ಒಂದೇ ದಾರಿಯ ಅಂಗಗಳು.

ಇಲ್ಲಿ ಒಂದು ಶಬ್ದದ ವಿಚಾರ ಅಪ್ರಸ್ತುತವಾಗಲಾರದು. ಪಂಪಾಕ್ಷೇತ್ರವನ್ನು ನಾವು ತೀರ್ಥವೆಂದು ಕರೆಯುತ್ತೇವೆ. ತೀರ್ಥವೆಂಬುದು ‘ದಾಟು’ ಎಂಬ ಅರ್ಥದ ತೄ ಧಾತುವಿನಿಂದ ಹುಟ್ಟಿದುದು. ಹೊಳೆಯನ್ನು ದಾಟಲು ಇಳಿಯುವ ತಾಣವೇ ಮೊದಲಿಗೆ ತೀರ್ಥ. ಪಾವಿತ್ರ್ಯದ ಅರ್ಥ ಅದಕ್ಕೆ ಆಮೇಲೆ ಕೂಡಿಬಂದಿತು. ದಾಟುವಿಕೆ ನಿಂತುಹೋದ ತೀರ್ಥವು ಹೆಸರನ್ನು ಉಳಿಸಿಕೊಂಡು ಅರ್ಥವನ್ನು ಕಳೆದುಕೊಂಡಂತೆಯೇ ಸರಿ.

ಇನ್ನು ನಡೆದ ಸಂಗತಿಗಳನ್ನು ನೋಡೋಣ. ಹಂಪೆಯ ಸ್ಮಾರಕಸಮೂಹವು ೧೯೮೬ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಬಳಿಕ ಇದೇ ಪ್ರದೇಶದೊಳಗೆ ಎರಡು ಸೇತುವೆಗಳ ಕೆಲಸ ಪ್ರಾರಂಭವಾಯಿತು: ಆನೆಗೊಂದಿಯ ಕಡೆಗೆ ವಾಹನಗಳಿಗಾಗಿ ಒಂದು, ವಿರೂಪಾಪುರ ಗಡ್ಡೆಗೆ ಕಾಲುನಡೆಯವರಿಗಾಗಿ ಇನ್ನೊಂದು. ಇವುಗಳ ನಿಮಿತ್ತವಾಗಿ ೧೯೯೯ರಲ್ಲಿ ಹಂಪೆಯು ಅಪಾಯಕ್ಕೊಳಗಾದ ಸ್ಥಳಗಳ ಪಟ್ಟಿಗೆ ಇಳಿಯಿತು. ಎರಡು ದಡಗಳನ್ನೂ ಒಟ್ಟಾಗಿ ನೋಡಿಕೊಳ್ಳಲೆಂದು ೨೦೦೨ರ ಕಾಯಿದೆಯಿಂದ ಒಂದು ಪ್ರಾಧಿಕಾರವು ಏರ್ಪಟ್ಟಿತು. ೨೦೦೬ರಲ್ಲಿ ಹಂಪೆಯ ಹೆಸರು ಆ ಕೆಟ್ಟ ಪಟ್ಟಿಯಿಂದ ಹೊರಬಂದಿತು. ನಿಂತಿದ್ದ ಆನೆಗೊಂದಿ ಸೇತುವೆಯ ಕೆಲಸ ಮತ್ತೆ ಸಾಗಿ, ೨೦೦೯ರ ಜನವರಿಯಲ್ಲಿ, ಪೂರ್ಣವಾಗುವ ಮೊದಲೇ, ಸೇತುವೆಯು ಕುಸಿದು ಬಿದ್ದಿತು. ಕೆಲಸದವರು ಪ್ರಾಣ ಕಳೆದುಕೊಂಡರು. ಹಣ ಹೋಯಿತು, ಜೀವ ಹೋಯಿತು, ದಾಟು ಮಾತ್ರ ದೊರೆಯಲಿಲ್ಲ.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಊರಿನವರ ಪಕ್ಷ ಮೊದಲನೆಯದು. ಹೊಳೆ ತುಂಬಿದಾಗ ಹರಿಗೋಲು ನಡೆಯದು. ಬಸುರಿಯರು, ರೋಗಿಗಳು, ಶಾಲೆಯ ಮಕ್ಕಳು ದಡದಲ್ಲಿ ನಿಲ್ಲಬೇಕೆ? ಸತ್ತ ಅರಸರ ಕಲ್ಲುಗಳಿಗಾಗಿ ಬದುಕಿರುವವರು ಹಲವು ಮೈಲಿ ಸುತ್ತಬೇಕೆ? ಈ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕುವವನು ಹಳ್ಳಿಯ ಬಾಳನ್ನು ಅರಿಯದವನು. ಆದರೆ ಸೇತುವೆಯು ಬೇಕೆಂಬುದರಿಂದ ಅದು ಇದೇ ಸ್ಥಳದಲ್ಲಿಯೇ ಬೇಕೆಂಬುದು ಸಿದ್ಧಿಸುವುದಿಲ್ಲ. ಭಾರವಾದ ಲಾರಿಗಳು ಪ್ರಾಚೀನ ನಗರದ ನಟ್ಟನಡುವೆ ಹಾಯುವ ದಾರಿಯಿಂದ ಊರಿನವರಿಗೂ ಸುಖವಿಲ್ಲ. ತರುವಾಯ ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ ಸೇತುವೆಯೊಂದು ಆದುದೇ ಬೇರೆ ಸ್ಥಳವು ಸಾಧ್ಯವಿತ್ತೆಂಬುದಕ್ಕೆ ಸಾಕ್ಷಿ. ಆ ವಿವೇಕವು ಮೊದಲೇ ಬಂದಿದ್ದರೆ ಎಷ್ಟು ನಷ್ಟ ತಪ್ಪುತ್ತಿತ್ತು!

ಸಂರಕ್ಷಕರದು ಎರಡನೆಯ ಪಕ್ಷ. ಇವರ ಕಣ್ಣಿಗೆ ಸ್ಥಳವೊಂದು ಚಿತ್ರಪಟದಂತೆ. ಅದರಲ್ಲಿ ಹೊಸದೇನೂ ಕಾಣಬಾರದು. ಇವರ ಎಚ್ಚರಿಕೆಯಿಂದಲೇ ಹಂಪೆಯ ಬಹುಭಾಗ ಉಳಿಯಿತೆಂಬುದನ್ನು ಕೃತಜ್ಞತೆಯಿಂದ ಒಪ್ಪತಕ್ಕದ್ದು. ಆದರೂ ಇವರಲ್ಲಿ ಒಂದು ನ್ಯೂನತೆಯಿದೆ. ಬೇಡವೆನ್ನುವಲ್ಲಿ ಇವರು ತೋರುವ ಸಾಮರ್ಥ್ಯವನ್ನು ಬೇಕಾದುದನ್ನು ಒದಗಿಸುವಲ್ಲಿ ತೋರುವುದಿಲ್ಲ. ಸೇತುವೆಯನ್ನು ತಡೆದವರು ದೋಣಿಗಟ್ಟವನ್ನು ಸುಭದ್ರಮಾಡುವ ಹೊಣೆಯನ್ನೂ ಅದೇ ದಿನ ಹೊರಬೇಕಾಗಿತ್ತು. ನಿಷೇಧವೊಂದೇ ರಕ್ಷಣೆಯಾಗಲಾರದು. ನಿಷೇಧದಿಂದ ನೊಂದ ಜನರು ಸ್ಮಾರಕವನ್ನು ಶತ್ರುವೆಂದು ಬಗೆಯುವರು. ಊರಿನವರ ಪ್ರೀತಿಯಿಲ್ಲದ ಸ್ಮಾರಕವನ್ನು ಯಾವ ಕಾವಲುಗಾರನೂ ಬಹುಕಾಲ ಕಾಯಲಾರನು.

ಎರಡು ಪಕ್ಷಗಳಿಗೂ ಸಮಾಧಾನವಾಗುವ ಮಾರ್ಗವಿಲ್ಲವೆನ್ನುವವರು ಶ್ರೀರಂಗಪಟ್ಟಣದತ್ತ ನೋಡಬಹುದು. ಬೆಂಗಳೂರು–ಮೈಸೂರು ರೈಲುದಾರಿಯನ್ನು ಜೋಡಿಮಾಡುವಾಗ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡಬಂದಿತು. ಅದನ್ನು ಕೆಡವಲಿಲ್ಲ, ಸುಮಾರು ೧೦೦೦ ಟನ್ ತೂಕದ ಆ ಕಟ್ಟಡವನ್ನು ೨೦೧೭ರಲ್ಲಿ ಇಡಿಯಾಗಿ ಎತ್ತಿ ಸ್ವಲ್ಪ ದೂರಕ್ಕೆ ಸರಿಸಿದರು. ಇದಕ್ಕೆ ಹತ್ತು ಕೋಟಿ ರೂಪಾಯಿಗೂ ಮಿಕ್ಕಿ ವೆಚ್ಚವಾಯಿತು. ಕಟ್ಟಡವು ತನ್ನ ಮೂಲಸ್ಥಾನವನ್ನು ಬಿಟ್ಟುದು ಲೋಪವೇ; ಕೋಟೆಯೊಳಗೆ ಶಸ್ತ್ರಾಗಾರವು ಎಲ್ಲಿತ್ತೆಂಬುದೂ ಇತಿಹಾಸದ ಒಂದು ಅಕ್ಷರ. ಆದರೂ ಕಟ್ಟಡವುಳಿಯಿತು, ರೈಲೂ ಓಡಿತು. ಇದರಿಂದ ಗ್ರಹಿಸಬೇಕಾದ ತತ್ತ್ವವೇನೆಂದರೆ, ಕಾಪಾಡುವ ವೆಚ್ಚವನ್ನು ದಾರಿಯ ಕೆಲಸದ ಒಂದು ಅಂಗವೆಂದೇ ಎಣಿಸಬೇಕು. ಹಂಪೆಯಲ್ಲಿ ಆ ಲೆಕ್ಕವನ್ನು ಕೆಲಸ ಅರ್ಧವಾದ ಮೇಲೆ ಮಾಡಿದರು. ಸ್ಮಾರಕವೆಂಬುದು ದಾರಿಗೆ ಬಂದ ವಿಘ್ನವೆಂದು ತಿಳಿಯುವ ಇಲಾಖೆಗೂ, ದಾರಿಯೆಂಬುದು ಸ್ಮಾರಕಕ್ಕೆ ಬಂದ ವಿಘ್ನವೆಂದು ತಿಳಿಯುವ ಇಲಾಖೆಗೂ ದೋಷ ಒಂದೇ.

ನಮ್ಮ ಹಿರಿಯರು ಕೆರೆ, ಬಾವಿ, ಅರವಟ್ಟಿಗೆ, ಸತ್ರಗಳನ್ನು ಪೂರ್ತಧರ್ಮದಲ್ಲಿ ಸೇರಿಸಿದರು. ಕೊಟ್ಟ ದಾನಕ್ಕಿಂತ ಅದನ್ನು ಪಾಲಿಸುವುದು ಮೇಲೆಂಬ ಅಭಿಪ್ರಾಯವು ನಮ್ಮ ಶಾಸನಗಳ ಕಡೆಯಲ್ಲಿ ಮತ್ತೆ ಮತ್ತೆ ಬರುವುದು. ಆದರೆ ಪಾಲನೆಯೆಂದರೆ ಅವರ ಮನಸ್ಸಿನಲ್ಲಿ ಬೇಲಿಯಲ್ಲ. ಕೆರೆಯ ಪಾಲನೆಯೆಂದರೆ ನೀರು ನಿಲ್ಲುವಂತೆ ನೋಡುವುದು. ಸತ್ರದ ಪಾಲನೆಯೆಂದರೆ ಬಂದವನಿಗೆ ಅನ್ನವಿಕ್ಕುವುದು. ಹಾಗೆಯೇ ದಾಟಿನ ಪಾಲನೆಯೆಂದರೆ ದಾಟುವವನನ್ನು ಆಚೆಯ ದಡಕ್ಕೆ ಮುಟ್ಟಿಸುವುದು.

ಆದಕಾರಣ ನನ್ನ ಅಭಿಪ್ರಾಯವಿಷ್ಟು. ಹೊಳೆಯ ನಡುವಣ ಕಂಬಗಳನ್ನು ಇದ್ದಂತೆಯೇ ಉಳಿಸತಕ್ಕದ್ದು. ಹೊಸ ಹಾಸು ಹೊದಿಸಿ ಅವನ್ನು ಹಳೆಯ ಸೇತುವೆಯಂತೆ ತೋರಿಸುವ ಪ್ರಯತ್ನ ಸಲ್ಲದು. ಅದೇ ಹಣದಲ್ಲಿ ಒಂದು ಪಾಲು ಎರಡು ದಡಗಳ ಗಟ್ಟಗಳಿಗೂ, ಭದ್ರವಾದ ದೋಣಿಗಳಿಗೂ, ಹರಿಗೋಲು ಹೆಣೆದು ನಡೆಸುವವರ ಜೀವನಕ್ಕೂ ಸಲ್ಲಬೇಕು. ಈಗ ದಕ್ಷಿಣದ ದಡ ವಿಜಯನಗರ ಜಿಲ್ಲೆಗೂ ಉತ್ತರದ ದಡ ಕೊಪ್ಪಳ ಜಿಲ್ಲೆಗೂ ಸೇರಿರುವುದರಿಂದ, ಈ ಕೆಲಸವು ಎರಡು ಕಚೇರಿಗಳ ನಡುವೆ ಸೊರಗದಂತೆ ಪ್ರಾಧಿಕಾರವು ಮುಂದೆ ಬರಬೇಕು. ಭಾರದ ವಾಹನಗಳಿಗೆ ದೂರದ ಸೇತುವೆಯಿದೆ. ಕಾಲುನಡೆಯವನಿಗೆ ಈ ಹೊಳೆಯೇ ಹತ್ತಿರದ ದಾರಿ. ಅವನನ್ನು ಮರೆತ ಜೀರ್ಣೋದ್ಧಾರವು ಜೀರ್ಣವನ್ನು ಉಳಿಸೀತು, ಉದ್ಧಾರವನ್ನು ಮಾಡಲಾರದು.