ಸೋಗೆ ಮಾಡಿನ ಊರಿಗೆ ಬಂದ ಹಂಚು

ಉತ್ತರ ಕನ್ನಡದ ವಜ್ರಳ್ಳಿಯ ಕಡೆ ಮಳೆಯೆಂದರೆ ತಿಂಗಳುಗಟ್ಟಲೆ ಬಿಡದ ಮಳೆ. ಹಿಂದೆ ಇಲ್ಲಿನ ಮನೆಗಳ ಮೇಲೆ ಅಡಿಕೆ ಸೋಗೆಯೋ ಹುಲ್ಲೋ ಇರುತ್ತಿತ್ತು. ವರ್ಷ ವರ್ಷ ಹೊದಿಸುವ ಕೆಲಸ ತಪ್ಪುತ್ತಿರಲಿಲ್ಲ. ಅದನ್ನು ತಪ್ಪಿಸಿದ್ದು ಮಂಗಳೂರು ಹಂಚು.

ಒಂದನ್ನು ಕೈಗೆತ್ತಿಕೊಂಡು ನೋಡಿ. ಅಂಚಿನಲ್ಲೊಂದು ಕಾಲುವೆ, ಅದರೊಳಗೆ ಪಕ್ಕದ ಹಂಚಿನ ಏಣು ಸರಿಯಾಗಿ ಕೂರುತ್ತದೆ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಂದು ಒಡೆದರೆ ಅದನ್ನಷ್ಟೇ ಎಳೆದು ಬೇರೆ ತೂರಿಸಿದರಾಯಿತು.

ಈ ಹಂಚು ಹುಟ್ಟಿದ್ದು ಕ್ರೈಸ್ತ ಸೇವೆಯ ಅಂಗಳದಲ್ಲಿ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತ ಬದಲಿಸಿದವರಿಗೆ ಜಾತಿಯೂ ಹೋಯಿತು, ಜಾತಿಯೊಡನೆ ಹೊಟ್ಟೆಪಾಡೂ ಹೋಯಿತು. ಮಿಶನ್ನಿನವರು ದೇವರು ನೋಡಿಕೊಳ್ಳುತ್ತಾನೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ ಅವರು ಮಗ್ಗ ಹೂಡಿದರು, ಅಚ್ಚುಕೂಟ ತೆರೆದರು. 1865ರಲ್ಲಿ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ನದಿ ದಡದ ಜೇಡಿಮಣ್ಣನ್ನು ನಂಬಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ನಂಬಿಕೆಯ ಈ ಬಗೆ ನನಗೆ ಉಪದೇಶಕ್ಕಿಂತ ಹೆಚ್ಚು ಹಿಡಿಸುತ್ತದೆ. ಕಾರ್ಖಾನೆಯ ಶಿಸ್ತು ಬಿಗಿಯಾಗಿತ್ತು, ದುಡಿದವರಿಗೆ ಅದು ಯಾವಾಗಲೂ ಹಿತವಾಗಿದ್ದಿರಲಾರದು. ಆದರೂ ಕೆಲಸವಿತ್ತು, ಕೂಲಿಯಿತ್ತು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆ ಉದ್ಯಮಗಳನ್ನು ಮಿಶನ್ನಿನಿಂದ ಕಿತ್ತುಕೊಂಡರು. ಹಂಚು ನಿಲ್ಲಲಿಲ್ಲ. ಅಷ್ಟರಲ್ಲಿ ಬೇರೆಯವರೂ ಅದೇ ಅಚ್ಚಿನ ಹಂಚು ಸುಡತೊಡಗಿದ್ದರು. ದೇವಸ್ಥಾನ, ಶಾಲೆ, ಕೊಟ್ಟಿಗೆ ಎಲ್ಲಕ್ಕೂ ಅದೇ ಮಾಡಾಯಿತು.